ಒಗರು ಇಳಿಯುವ ಹೊತ್ತು

ಮೊದಲೇ ಹೇಳಿಬಿಡುತ್ತೇನೆ, ಇದು ವೈನಿನ ವಿಷಯ. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಸಂಸಾರ ಮಾಡಿ, ಎರಡು ಹೊತ್ತಿನ ಕಾಫಿಯನ್ನೇ ದೊಡ್ಡ ಚಟವೆಂದು ಒಪ್ಪಿಕೊಂಡು ಬಂದ ನನ್ನಂಥವಳು ಫ್ರಾನ್ಸಿನ ವೈನಿನ ಗುಣದೋಷ ಬರೆಯಲು ಕೂತರೆ ನೀವು ಹುಬ್ಬೇರಿಸುವುದು ಸಹಜ. ನಮ್ಮವರೂ ಏರಿಸಿದರು. "ಬರೆಯೋದು ಬರಿ, ಆದರೆ ಆ ಪುಸ್ತಕ ನಿನ್ನ ತಮ್ಮನ ಮನೆಗೆ ಮಾತ್ರ ಕಳಿಸಬೇಡ" ಎಂದರು. ಕಳಿಸುತ್ತೇನೆ.

2011ರಲ್ಲಿ ಮಗಳ ಬಾಣಂತನಕ್ಕೆಂದು ಬೋರ್ಡೋ ಊರಿಗೆ ಹೋದೆ. ಗರೋನ್ ನದಿಯ ದಂಡೆಯ ಮೇಲಿರುವ, ಬೂದುಬಣ್ಣದ ಕಲ್ಲಿನ ಮನೆಗಳ ಊರು. ಅಳಿಯನಿಗೆ ಅಲ್ಲಿ ಕೆಲಸ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಇದ್ದರು. ಮಗು ಹುಟ್ಟಿದ ವಾರದಲ್ಲೇ ತರಕಾರಿ ಸೂಪು ಮಾಡಿಕೊಂಡು ಬಂದರು. ಪಾತ್ರೆ ಬರಿದಾಗಿ ಹಿಂದಿರುಗಿಸಬಾರದಲ್ಲ, ನಾನು ಊರಿಂದ ಒಯ್ದಿದ್ದ ಮಾವಿನಮಿಡಿ ಉಪ್ಪಿನಕಾಯಿಯನ್ನು ಒಂದು ಚಿಕ್ಕ ಬಟ್ಟಲಲ್ಲಿ ಹಾಕಿ ಕೊಟ್ಟೆ. ಖಾರಕ್ಕೆ ಕಣ್ಣೀರು ಹಾಕುತ್ತಾರೆಂದು ಮಗಳು ಹೆದರಿದ್ದಳು. ಆಕೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು, ದೂರ ಒಯ್ದರು, ಮತ್ತೆ ತಂದರು. ಒಂದು ಮಿಡಿಯ ತುದಿಯನ್ನು ಹಲ್ಲಿನಲ್ಲಿ ಕಡಿದು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ಆಮೇಲೆ ಮಗಳನ್ನು ಕೇಳಿದರು: "ಇದು ಯಾವ ವರ್ಷದ್ದು?"

ನನಗೆ ಗಂಟಲು ಕಟ್ಟಿತು. ಉಪ್ಪಿನಕಾಯಿ ತಿಂದು ಚೆನ್ನಾಗಿದೆ ಎಂದವರು ಬೇಕಾದಷ್ಟು ಜನ. ಯಾವ ವರ್ಷದ್ದು ಎಂದು ಕೇಳಿದವಳು ನನ್ನ ಜೀವನದಲ್ಲಿ ಒಬ್ಬಳೇ, ನನ್ನ ಅಮ್ಮ. ಅಟ್ಟದ ಮೇಲಿನ ಭರಣಿಗಳನ್ನು ಅವಳು ವರ್ಷದ ಲೆಕ್ಕದಲ್ಲೇ ಗುರುತಿಟ್ಟಿದ್ದಳು. ಹೋದ ವರ್ಷದ್ದು ಇನ್ನೂ ಎಳಸು, ಅದರ ಹಿಂದಿನದು ಈಗ ಪಾಕಕ್ಕೆ ಬಂದಿದೆ, ಅದಕ್ಕೂ ಹಿಂದಿನದನ್ನು ಮೊದಲು ಮುಗಿಸಬೇಕು. 2009ರ ಮಿಡಿ ಎಂದೆ. ಮದಾಮ್ ತಲೆಯಾಡಿಸಿ, "ಇನ್ನೊಂದು ವರ್ಷ ಬಿಡಬಹುದಿತ್ತು" ಎಂದರು. ಅದು ನಿಜವೂ ಆಗಿತ್ತು. ಮಗಳಿಗೆ ಕೊಡುವ ಆತುರಕ್ಕೆ ನಾನು ಭರಣಿಯನ್ನು ಮುಂಚೆಯೇ ಒಡೆದಿದ್ದೆ.

ಹೀಗೆ ಶುರುವಾಯಿತು ನಮ್ಮ ಸ್ನೇಹ. ಮುಂದಿನ ವಾರ ಅವರು ನನ್ನನ್ನು ತಮ್ಮ ಮನೆಯ ನೆಲಮಾಳಿಗೆಗೆ ಇಳಿಸಿದರು. ತಂಪು, ಕತ್ತಲೆ, ಒದ್ದೆ ಕಲ್ಲಿನ ವಾಸನೆ. ಸೀಸೆಗಳನ್ನು ಮಲಗಿಸಿಟ್ಟಿದ್ದರು. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಕುಗ್ಗುತ್ತದೆ, ಗಾಳಿ ಒಳನುಗ್ಗುತ್ತದೆ. ಮಲಗಿಸಿದರೆ ವೈನು ಬಿರಡೆಯನ್ನು ನೆನೆಸುತ್ತಲೇ ಇರುತ್ತದೆ. ಹನ್ನೆರಡರಿಂದ ಹದಿನಾಲ್ಕು ಡಿಗ್ರಿ ತಂಪಿರಬೇಕು, ಅದು ಏರುಪೇರಾಗಬಾರದು, ಬೆಳಕು ಬೀಳಬಾರದು. ಒಂದು ಮೂಲೆಯಲ್ಲಿ ಮರದ ಪೆಟ್ಟಿಗೆ. ಅದರ ಮೇಲೆ 1975 ಎಂದು ಸುಟ್ಟು ಬರೆದಿತ್ತು. ಮಗ ಹುಟ್ಟಿದ ವರ್ಷದ ವೈನೆಂದು ಅವರ ಯಜಮಾನರು ಹನ್ನೆರಡು ಸೀಸೆ ಕೊಂಡು ಇಟ್ಟಿದ್ದರಂತೆ. ಆಗ ಉಳಿದದ್ದು ನಾಲ್ಕು. ಪೆಟ್ಟಿಗೆಯ ಪಕ್ಕದಲ್ಲೇ ಶಾಲೆ ಮಕ್ಕಳ ಒಂದು ನೋಟುಪುಸ್ತಕ. ಪ್ರತಿ ಸೀಸೆಗೂ ಒಂದು ಪುಟ. ಮೊದಲ ನಾಲ್ಕು ಪುಟ ಗಂಡಸಿನ ಅಕ್ಷರ, ಆಮೇಲಿನದು ಹೆಂಗಸಿನ ಅಕ್ಷರ. ಯಜಮಾನರು ತೀರಿಕೊಂಡದ್ದು 1999ರಲ್ಲಿ.

ಆ ನೋಟುಪುಸ್ತಕದಂಥ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. 1985ರ ಪುಟದಲ್ಲಿ ಇದ್ದದ್ದು "ಗಡಸು, ಒಗರು, ಕಾಯಬೇಕು" ಎಂದಷ್ಟೆ. 1990ರಲ್ಲಿ "ಇನ್ನೂ ಗಡಸು, ಆದರೆ ಒಳಗೆ ಹಣ್ಣಿದೆ, ಕಾಯಬೇಕು." 1995ರಲ್ಲಿ "ಕಾಯಬೇಕು" ಎಂದು ಬರೆದು ಮುಂದೆ ಒಂದು ಪ್ರಶ್ನೆಚಿಹ್ನೆ. 1998ರಲ್ಲಿ, ಮಗನ ಮದುವೆಯ ದಿನ ತೆಗೆದ ಸೀಸೆಯ ಪುಟದಲ್ಲಿ ಬರೀ ದಿನಾಂಕ.

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು. ಕೆಂಪು ವೈನಿಗೆ ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ಸಿಪ್ಪೆಯಿಂದ, ಬೀಜದಿಂದ, ಒಂದಿಷ್ಟು ಓಕ್ ಮರದ ಪೀಪಾಯಿಯಿಂದ ಒಗರೂ ಅದಕ್ಕೆ ಇಳಿಯುತ್ತದೆ. ಟ್ಯಾನಿನ್ ಎಂದು ಅದಕ್ಕೆ ಹೆಸರು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ, ಅಡಿಕೆ ಬೇಯಿಸಿದ ಹಂಡೆಯ ಚೊಗರನ್ನು ನಾಲಿಗೆಗೆ ಮುಟ್ಟಿಸಿ ನೋಡಿದ್ದರೆ ಸಾಕು. ಎಳೆಯ ವೈನಿನಲ್ಲಿ ಈ ಚೊಗರು ಒಸಡನ್ನು ಹಿಡಿದು ಎಳೆಯುತ್ತದೆ. ವರ್ಷ ಕಳೆದಂತೆ ಅದರ ಸೂಕ್ಷ್ಮ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ, ಅಂಟಿಕೊಂಡು ಭಾರವಾಗಿ ಸೀಸೆಯ ತಳಕ್ಕೆ ಮಡ್ಡಿಯಾಗಿ ಕೂರುತ್ತವೆ. ನೇರಳೆಗೆಂಪು ಹೋಗಿ ಇಟ್ಟಿಗೆಗೆಂಪು ಬರುತ್ತದೆ. ಹಣ್ಣಿನ ವಾಸನೆ ತಗ್ಗಿ ಒಣಗಿದ ಎಲೆ, ಅಣಬೆ, ತೊಗಲು, ಹೊಗೆಸೊಪ್ಪು, ಮಳೆಗಾಲದ ಮಣ್ಣು, ಇಂಥವು ಒಂದೊಂದಾಗಿ ಏಳುತ್ತವೆ. ಒಗರು ಇಳಿಯುತ್ತಿರಬೇಕು, ಹಣ್ಣು ಇನ್ನೂ ಉಳಿದಿರಬೇಕು. ಈ ಎರಡೂ ಕೂಡುವ ಕೆಲವು ವರ್ಷಗಳೇ ವೈನಿನ ಒಳ್ಳೆಯ ಕಾಲ. ಅದು ಕೂಡಿಬರುತ್ತದೆ ಎಂಬ ಖಾತರಿಯನ್ನು ಯಾರೂ ಕೊಡಲಾರರು. ಅಂದಹಾಗೆ ಎಲ್ಲ ವೈನಿಗೂ ಈ ಭಾಗ್ಯವಿಲ್ಲ. ಫ್ರಾನ್ಸಿನಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷದಲ್ಲೇ ಕುಡಿದು ಮುಗಿಸಬೇಕಾದದ್ದು. ಇಟ್ಟಷ್ಟೂ ಒಳ್ಳೆಯದೆಂಬುದು ನಮ್ಮಲ್ಲೂ ಇರುವ ಒಂದು ಮೂಢನಂಬಿಕೆ.

ಬೋರ್ಡೋದಲ್ಲಿ 1972, 73, 74 ಮೂರೂ ಕೆಟ್ಟ ವರ್ಷಗಳು. ವ್ಯಾಪಾರವೂ ಕುಸಿದಿತ್ತು. 1975ರಲ್ಲಿ ಬೆಳೆ ಕಡಿಮೆ ಬಂದರೂ ಹಣ್ಣು ದಪ್ಪ ಸಿಪ್ಪೆಯದಾಗಿ, ಬಿಗಿಯಾಗಿ ಬಂತು. ಸೋತು ಕೂತ ಜನ ಹಿಗ್ಗಿದರು. ಇದು ಬಹುಕಾಲ ಬಾಳುವ ವೈನು, ತಾಳ್ಮೆಯಿದ್ದವರಿಗೆ ಮಾತ್ರ ಎಂದು ಬಲ್ಲವರು ಹೇಳಿದರು. ಕೆಲವು ಒಳ್ಳೆಯ ಸೀಸೆಗಳು ಆ ಮಾತನ್ನು ಉಳಿಸಿಕೊಂಡವು. ಬಹಳಷ್ಟು ಉಳಿಸಿಕೊಳ್ಳಲಿಲ್ಲ. ಒಗರು ಇಳಿಯುವ ಮೊದಲೇ ಹಣ್ಣು ಹೊರಟುಹೋಯಿತು. ಮದಾಮರ ಯಜಮಾನರು ಆ ಮಾತು ನಂಬಿ ಇಪ್ಪತ್ತಮೂರು ವರ್ಷ ಕಾದರು. 1982ರಲ್ಲಿ ಮೊದಲಿನಿಂದಲೇ ಮೆತ್ತಗಿನ, ಹಣ್ಣು ತುಂಬಿದ ವೈನು ಬಂದಾಗ ಅವರು ಒಂದು ಸೀಸೆಯನ್ನೂ ಕೊಳ್ಳಲಿಲ್ಲವಂತೆ. ಎಳೆಯದರಲ್ಲೇ ಇಷ್ಟು ಹಿತವಾಗಿರುವುದು ಬಾಳಲಾರದು ಎಂಬುದು ಅವರ ಗುಮಾನಿ. ಆಗ ಹಲವರು ಹಾಗೆಯೇ ಹೇಳಿದ್ದರು. ಅಮೆರಿಕದ ರಾಬರ್ಟ್ ಪಾರ್ಕರ್ ಎಂಬ ವಿಮರ್ಶಕ ಮಾತ್ರ ಅದನ್ನು ಬಾಯ್ತುಂಬ ಹೊಗಳಿದ, ಅದರಿಂದಲೇ ಅವನ ಹೆಸರಾಯಿತು. ಆ 1982ರ ವೈನು ಮುಂದೆ ಚೆನ್ನಾಗಿಯೇ ಬಾಳಿತು. ಕಷ್ಟಪಟ್ಟದ್ದಕ್ಕೆ ಮಾತ್ರ ಫಲವುಂಟು, ಸುಲಭವಾಗಿ ಸುಖ ಕೊಡುವುದರಲ್ಲಿ ಏನೋ ಐಬಿದೆ ಎಂಬ ಗುಮಾನಿ ಬೋರ್ಡೋದವರದ್ದು ಮಾತ್ರವಲ್ಲ, ನನ್ನ ಅತ್ತೆಯವರದ್ದೂ ಇದೇ ಆಗಿತ್ತು.

ಆ ಬೇಸಿಗೆಯಲ್ಲಿ ಅವರು ನನ್ನೆದುರು ಒಂಬತ್ತನೆಯ ಸೀಸೆ ತೆಗೆದರು. ನಾನು ಕುಡಿದೆನೇ ಎಂದು ಕೇಳಬೇಡಿ. ಬಾಯಲ್ಲಿಟ್ಟುಕೊಂಡೆ. ಮೊದಲ ಸಲ ಬಾಯಲ್ಲಿಟ್ಟದ್ದನ್ನು ನುಂಗಲೂ ಆಗದೆ, ಉಗುಳಲೂ ಮರ್ಯಾದೆ ಬಿಡದೆ ಒದ್ದಾಡಿದೆ. ಮದಾಮ್ ನಗುತ್ತ ಒಂದು ಮಣ್ಣಿನ ಜಾಡಿ ಮುಂದಿಟ್ಟರು. ಬಲ್ಲವರು ಉಗುಳಿಯೇ ನೋಡುವುದಂತೆ. ಎಂಜಲೆಂದರೆ ಮಾರು ದೂರ ಹಾರುವ ಮನೆಯಿಂದ ಬಂದ ನಾನು ಫ್ರಾನ್ಸಿನ ಮುದುಕಿಯೊಬ್ಬರ ಜತೆ ಸರದಿಯ ಮೇಲೆ ಒಂದೇ ಜಾಡಿಗೆ ಉಗುಳಿದೆ. ಆ ವೈನಿನ ಬಣ್ಣ ತುಕ್ಕಿನದ್ದು. ವಾಸನೆಯಲ್ಲಿ ಹಳೆಯ ಬೀಟೆ ಪೆಟ್ಟಿಗೆಯ ನೆನಪಿತ್ತು. ಬಾಯಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಒಗರು, ಬರೀ ಒಗರು. ಮದಾಮ್ ತಮ್ಮ ಪುಟದಲ್ಲಿ "ಒಣಗಿದೆ" ಎಂದು ಬರೆದು ಇಪ್ಪತ್ತಕ್ಕೆ ಹನ್ನೊಂದು ಅಂಕ ಕೊಟ್ಟರು.

ಕುತೂಹಲ ಕೆರಳಿ ನಾನು ಮಗಳ ಜತೆ ಒಂದು ಸಂಜೆಯ ತರಗತಿಗೂ ಹೋಗಿಬಂದೆ. ಎಂಟು ವೈನು, ಎಳೆಯದರಿಂದ ಹಳೆಯದರ ಕಡೆಗೆ. ಮೊದಲು ಕಣ್ಣು, ಆಮೇಲೆ ಮೂಗು, ಕೊನೆಗೆ ಬಾಯಿ. ನುಂಗಿದ ಮೇಲೆ, ಅಥವಾ ಉಗುಳಿದ ಮೇಲೆ, ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಬೇಕು. ಇದೆಲ್ಲ ಒಪ್ಪತಕ್ಕ ಶಿಸ್ತು. ನನಗೆ ಒಪ್ಪದಿದ್ದದ್ದು ಭಾಷೆ. ವೈನಿನ ಬಣ್ಣಕ್ಕೆ ಫ್ರೆಂಚರು ಅದರ 'ರೋಬ್' ಎನ್ನುತ್ತಾರೆ, ಅಂದರೆ ಉಡುಪು. ಲೋಟದ ಗೋಡೆಯ ಮೇಲೆ ಇಳಿಯುವ ಗೆರೆಗಳು ಅದರ 'ಕಾಲುಗಳು'. ಮೈಕಟ್ಟು, ಮೂಗು, ಎಲ್ಲವೂ ಇವೆ. ಉಡುಪು ನೋಡಿ, ಕಾಲು ನೋಡಿ, ಮೈಕಟ್ಟು ನೋಡಿ ಅಂಕ ಹಾಕುವ ಈ ಸಮಾರಂಭ ನನಗೆ ಎಲ್ಲೋ ಕಂಡದ್ದಲ್ಲ ಅನ್ನಿಸಲಿಲ್ಲ. ಉಪ್ಪಿಟ್ಟು ಕೇಸರೀಬಾತು ಒಂದಿಲ್ಲ, ಅಷ್ಟೆ. ಪಾಠ ಹೇಳುವಾತ ಕೊನೆಯ ಸೀಸೆ, ಮಾರ್ಗೋ ಸೀಮೆಯದು, ಕೈಗೆತ್ತಿಕೊಂಡು, "ಇವಳು ಒಂದು ಕಾಲದ ಸುಂದರಿ, ಈಗ ಮಬ್ಬು ಬೆಳಕಿನಲ್ಲಿ ನೋಡಬೇಕು" ಎಂದ. ಎಲ್ಲರೂ ನಕ್ಕರು. ಆ ಗುಂಪಿನಲ್ಲಿ ನನ್ನ ವಯಸ್ಸಿನ ಮೂವರು ಹೆಂಗಸರಿದ್ದರು, ಅವರೂ ನಕ್ಕರು.

ಮಾರ್ಗೋದ ವೈನು 'ಸ್ತ್ರೀಸಹಜ', ಅಂದರೆ ನಯ, ನವಿರು, ಪರಿಮಳ. ಪೊಯಾಕ್ ಊರಿನದು 'ಪೌರುಷ'ದ್ದು, ಅಂದರೆ ಗಟ್ಟಿ, ದೀರ್ಘಾಯುಷ್ಯ. ಇದು ಬಹುಕಾಲದಿಂದ ನಡೆದುಬಂದ ಮಾತು. ಆದರೆ ಶಾತೋ ಮಾರ್ಗೋ ಎಂಬ ಹೆಸರಾಂತ ಎಸ್ಟೇಟು 1970ರ ದಶಕದಲ್ಲಿ ಸೊರಗಿದ್ದಾಗ ಅದನ್ನು ಕೊಂಡವರು ಆಂದ್ರೆ ಮೆಂಟ್ಜೆಲೋಪುಲೋಸ್. ಅವರು 1980ರಲ್ಲಿ ತೀರಿಕೊಂಡಾಗ ಹೊಣೆ ಹೊತ್ತವಳು ಅವರ ಮಗಳು ಕೊರಿನ್, ಆಗ ಇಪ್ಪತ್ತೇಳರ ಹರೆಯ. ಆ ವೈನು ಮತ್ತೆ ತಲೆಯೆತ್ತಿದ್ದು, ದಶಕಗಟ್ಟಲೆ ಬಾಳುವಂತಾದದ್ದು ಅವಳ ಕಾಲದಲ್ಲಿ. ಇನ್ನು ಪೌರುಷದ ಪೊಯಾಕ್‌ನಲ್ಲಿ? ಮೂತೋ ರಾಥ್‌ಶೀಲ್ಡನ್ನು 1988ರಿಂದ 2014ರಲ್ಲಿ ಸಾಯುವವರೆಗೂ ನಡೆಸಿದವರು ಫಿಲಿಪೀನ್ ಎಂಬ ಹೆಂಗಸು, ಮೊದಲು ನಾಟಕದ ನಟಿಯಾಗಿದ್ದವರು. ಅದೇ ಊರಿನ ಪಿಶೋನ್ ಲಾಲಾಂದ್ ಎಸ್ಟೇಟನ್ನು 1978ರಿಂದ ಸುಮಾರು ಮೂವತ್ತು ವರ್ಷ ನಡೆಸಿದವರು ಮೇ ಎಲಿಯಾನ್ ದ ಲಾಂಕ್‌ಸಾಂಗ್. ಶಾಂಪೇನಿನ ವಿಷಯವಂತೂ ಕೇಳಲೇಬೇಡಿ. 1805ರಲ್ಲಿ ಗಂಡ ಸತ್ತಾಗ ಬಾರ್ಬ್ ನಿಕೋಲ್ ಕ್ಲಿಕೋಗೂ ವಯಸ್ಸು ಇಪ್ಪತ್ತೇಳೇ. ಅವಳು ಬೆಳೆಸಿದ ವ್ಯಾಪಾರದ ಸೀಸೆಯ ಮೇಲೆ ಇವತ್ತಿಗೂ 'ವ್ಯೂವ್' ಎಂಬ ಪದವಿದೆ, ಅಂದರೆ ವಿಧವೆ. ನಮ್ಮಲ್ಲಿ ಮದುವೆ ಮನೆಯಲ್ಲಿ ಎದುರು ಬರಬೇಡ ಅನ್ನಿಸಿಕೊಂಡ ಅತ್ತೆಯರನ್ನು ನಾನು ಕಂಡಿದ್ದೇನೆ. ಅಲ್ಲಿ ಮದುವೆಯ ಮೇಜಿನ ಮೇಲೆ ವಿಧವೆಯ ಹೆಸರನ್ನೇ ತಂದು ನಿಲ್ಲಿಸಿ ಬಿರಡೆ ಹಾರಿಸುತ್ತಾರೆ. ಇಷ್ಟಾದರೂ ಮುಪ್ಪಾದ ವೈನನ್ನು ಬಣ್ಣಿಸುವಾಗ ಆ ನಾಡಿನ ಪಂಡಿತರಿಗೂ ಹಾಸ್ಯಕ್ಕೆ ಸಿಗುವುದು ಒಬ್ಬ ಮುದುಕಿಯೇ.

ಭಾಷೆಯ ಮಾತು ಹಾಗಿರಲಿ, ತೀರ್ಪಿನ ಹೊತ್ತಿನ ಬಗ್ಗೆ ನನ್ನ ತಕರಾರು ಇನ್ನೂ ದೊಡ್ಡದು. ಬೋರ್ಡೋದಲ್ಲಿ ಸುಗ್ಗಿ ಮುಗಿದ ಮುಂದಿನ ವಸಂತದಲ್ಲೇ, ವೈನು ಇನ್ನೂ ಪೀಪಾಯಿಯಲ್ಲಿರುವಾಗ, ವಿಮರ್ಶಕರನ್ನೂ ವ್ಯಾಪಾರಿಗಳನ್ನೂ ಕರೆದು ರುಚಿ ತೋರಿಸುತ್ತಾರೆ. ಆಗ ಅದಕ್ಕೆ ಆರೇಳು ತಿಂಗಳ ವಯಸ್ಸು. ಸೀಸೆಗೆ ತುಂಬುವುದು ಇನ್ನೂ ಒಂದು ವರ್ಷದ ಮೇಲೆ. ಅಷ್ಟರಲ್ಲಿ ಅಂಕ ಬಿದ್ದಿರುತ್ತದೆ, ಅಂಕ ನೋಡಿ ಬೆಲೆ ಕಟ್ಟಿರುತ್ತಾರೆ, ಕೊಳ್ಳುವವರು ದುಡ್ಡು ಕಟ್ಟಿಯೂ ಆಗಿರುತ್ತದೆ. ಪಾರ್ಕರ್ ನೂರರ ಲೆಕ್ಕದಲ್ಲಿ ಅಂಕ ಕೊಡುತ್ತಿದ್ದ. ಅವನು 2019ರಲ್ಲಿ ನಿವೃತ್ತನಾದ, ನೂರರ ಲೆಕ್ಕ ಆಗಲಿಲ್ಲ. ಮೂವತ್ತು ವರ್ಷ ಬಾಳಬೇಕಾದದ್ದರ ಹಣೆಬರಹವನ್ನು ತೊಟ್ಟಿಲಲ್ಲೇ ಬರೆದು, ಆ ಬರಹಕ್ಕೆ ಬೆಲೆಚೀಟಿಯನ್ನೂ ಅಂಟಿಸುವುದು ವಿಮರ್ಶೆಯೇ? ನನ್ನ ಮಟ್ಟಿಗೆ ಅದು ಜಾತಕ. 1855ರಲ್ಲಿ ಮೂರನೆಯ ನೆಪೋಲಿಯನ್ನನ ಪ್ಯಾರಿಸ್ ಪ್ರದರ್ಶನಕ್ಕೆಂದು ದಲ್ಲಾಳಿಗಳು ಎಸ್ಟೇಟುಗಳನ್ನು ಅವುಗಳ ಮಾರುಕಟ್ಟೆ ಬೆಲೆ ನೋಡಿ ಐದು ದರ್ಜೆಯಾಗಿ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಮೂತೋ ಒಂದೇ, ಅದೂ 1973ರಲ್ಲಿ. ದರ್ಜೆ ಒಮ್ಮೆ ಬಿದ್ದರೆ ಬಿತ್ತು ಎಂಬುದರಲ್ಲಿ ನಮಗೇನೂ ಹೊಸದಿಲ್ಲ.

ಮುಪ್ಪನ್ನೇ ತಕರಾರಾಗಿ ಎತ್ತಿದ ಒಂದು ಪ್ರಸಂಗ ನನಗೆ ಬಹಳ ಇಷ್ಟ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವೈನು ವ್ಯಾಪಾರಿ, ಅವನ ಸಹೋದ್ಯೋಗಿ ಪೆಟ್ರೀಶಿಯಾ ಗ್ಯಾಲಗರ್ ಸೇರಿ ಒಂದು ಪರೀಕ್ಷೆ ಏರ್ಪಡಿಸಿದರು. ಫ್ರಾನ್ಸಿನ ಹೆಸರಾಂತ ವೈನುಗಳ ಜತೆ ಕ್ಯಾಲಿಫೋರ್ನಿಯಾದ ವೈನುಗಳನ್ನು ಹೆಸರು ಮುಚ್ಚಿ ಇಟ್ಟರು. ಒಂಬತ್ತು ಫ್ರೆಂಚ್ ಪರೀಕ್ಷಕರ ಅಂಕ ಲೆಕ್ಕಕ್ಕೆ ಬಂತು. ಕೂಡಿಸಿ ನೋಡಿದರೆ ಬಿಳಿಯದರಲ್ಲೂ ಕೆಂಪಿನಲ್ಲೂ ಮೊದಲು ಬಂದದ್ದು ಕ್ಯಾಲಿಫೋರ್ನಿಯಾ. ಕೆಂಪಿನಲ್ಲಿ ಮೂತೋವಿನ 1970ರ ವೈನಿಗೆ ಎರಡನೆಯ ಸ್ಥಾನ. ಆ ಒಂಬತ್ತರಲ್ಲಿ ಹೆಂಗಸು ಒಬ್ಬಳೇ, ಒಂದು ವೈನು ಪತ್ರಿಕೆಯ ಸಂಪಾದಕಿ ಒದೆತ್ ಕಾನ್. ಫಲಿತಾಂಶ ಕೇಳಿ ಆಕೆ ತಾನು ಅಂಕ ಬರೆದ ಹಾಳೆಯನ್ನು ವಾಪಸು ಕೊಡಿ ಎಂದು ಕೇಳಿದಳೆಂದು ಅಲ್ಲಿದ್ದ ಏಕೈಕ ಪತ್ರಕರ್ತ ಜಾರ್ಜ್ ಟೇಬರ್ ಬರೆದಿದ್ದಾನೆ. ಎಲ್ಲರೂ ಆಕೆಯನ್ನು ಲೇವಡಿ ಮಾಡುತ್ತಾರೆ. ನನಗೆ ಆಕೆಯ ಮೇಲೆ ಕರುಣೆ. ಹೆಸರು ಮುಚ್ಚಿದ್ದಾಗ ನಾಲಿಗೆ ಹೇಳಿದ ಮಾತನ್ನು ಹೆಸರು ತೆರೆದಾಗ ಹಿಂದಕ್ಕೆ ಪಡೆಯಬೇಕೆನ್ನಿಸುವುದು ಯಾರಿಗೂ ಆಗಬಹುದಾದದ್ದು.

ಆಗ ಫ್ರಾನ್ಸಿನ ಕಡೆಯವರು ಎತ್ತಿದ ವಾದ ಏನೆಂದರೆ, ನಮ್ಮ ವೈನು ಇನ್ನೂ ಎಳೆಯದು, ಹಣ್ಣಾಗಲು ಬಿಡಿ, ಆಮೇಲೆ ನೋಡಿ. ಅವರದ್ದು ಬೇಗ ಅರಳಿ ಬೇಗ ಬಾಡುತ್ತದೆ. ಇದು ತೂಕದ ವಾದವೇ. ಹತ್ತು ವರ್ಷ ಬಿಟ್ಟು 1986ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಕೆಂಪು ವೈನುಗಳನ್ನು ಮತ್ತೆ ಪರೀಕ್ಷಿಸಿದರು. ಮತ್ತೆ ಕ್ಯಾಲಿಫೋರ್ನಿಯಾದ್ದೇ ಮೊದಲು ಬಂತು, ಆದರೆ ಹಳೆಯ ವಿಜೇತನಲ್ಲ, ಬೇರೊಂದು. ಮೂವತ್ತು ವರ್ಷ ತುಂಬಿದ 2006ರ ಮೇ 24ರಂದು ಲಂಡನ್ನಿನಲ್ಲೂ ಕ್ಯಾಲಿಫೋರ್ನಿಯಾದ ನಾಪಾದಲ್ಲೂ ಒಂದೇ ದಿನ ಮತ್ತೊಮ್ಮೆ ನಡೆಯಿತು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ. ಎಲ್ಲಕ್ಕಿಂತ ಮೇಲೆ ಬಂದದ್ದು ರಿಡ್ಜ್ ಎಂಬಲ್ಲಿನ 1971ರ ವೈನು. 1976ರಲ್ಲಿ ಅದು ಐದನೆಯದಾಗಿತ್ತು.

ಇದರಿಂದ ಫ್ರಾನ್ಸ್ ಸೋತಿತು ಎಂದು ಕುಣಿಯುವವರನ್ನು ನಾನು ಒಪ್ಪುವುದಿಲ್ಲ. ಹತ್ತು ಸೀಸೆಗಳಿಂದ ಎರಡು ದೇಶಗಳ ನ್ಯಾಯ ತೀರುವುದಿಲ್ಲ. ನನಗೆ ಮುಖ್ಯವೆನ್ನಿಸುವುದು ಮೂರು ಸಲವೂ ಕ್ರಮಾಂಕ ಬದಲಾದದ್ದು. ಐದನೆಯದು ಎಂದು ಬದಿಗೆ ಸರಿಸಿದ್ದನ್ನು ಮೂವತ್ತು ವರ್ಷದ ಮೇಲೆ ಮತ್ತೆ ತೆಗೆದು ನೋಡುವ ತಾಳ್ಮೆ ಯಾರೋ ತೋರಿಸಿದರಲ್ಲ, ಅದಕ್ಕೆ ನಾನು ವಿಮರ್ಶೆ ಎನ್ನುತ್ತೇನೆ. ಇಂಗ್ಲೆಂಡಿನ ಮೈಕೆಲ್ ಬ್ರಾಡ್‌ಬೆಂಟ್ ಎಂಬಾತ 1952ರಿಂದ ತನ್ನ ಸಣ್ಣ ನೋಟುಪುಸ್ತಕಗಳಲ್ಲಿ ರುಚಿ ನೋಡಿದ ಪ್ರತಿ ವೈನನ್ನೂ ಬರೆದಿಡುತ್ತ ಬಂದ. ಒಂದೇ ವೈನನ್ನು ಹತ್ತಾರು ವರ್ಷ ಬಿಟ್ಟು ಬಿಟ್ಟು ನೋಡಿ, ಆಗ ಹೀಗಿತ್ತು, ಈಗ ಹೀಗಿದೆ ಎಂದು ಬರೆದ. 2020ರಲ್ಲಿ ತೀರಿಕೊಂಡ. ಮದಾಮರ ನೋಟುಪುಸ್ತಕ ಅದೇ ಜಾತಿಯದು, ಹನ್ನೆರಡು ಪುಟದ್ದು.

ನಾಲಿಗೆಯನ್ನು ಕಣ್ಣು ಎಷ್ಟು ಸುಲಭವಾಗಿ ಯಾಮಾರಿಸುತ್ತದೆ ಎಂಬುದಕ್ಕೆ ಸಾಕ್ಷಿ ಬೋರ್ಡೋದಲ್ಲೇ ಇದೆ. ಫ್ರೆದೆರಿಕ್ ಬ್ರೋಶೆ ಮತ್ತು ಅವನ ಜತೆಗಾರರು ಅಲ್ಲಿಯ ವೈನುಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿನ ಪದಗಳಲ್ಲೇ ಬಣ್ಣಿಸಿದರು. 2001ರಲ್ಲಿ ಈ ಪ್ರಯೋಗ ಅಚ್ಚಾಯಿತು. ಇನ್ನು ಹಳೆಯ ಹೆಸರಿನ ಮೋಹ. ರೂಡಿ ಕುರ್ನಿಯಾವಾನ್ ಎಂಬುವನು ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲೇ ವೈನು ಬೆರೆಸಿ, ಹಳೆಯ ಬರ್ಗಂಡಿ, ಬೋರ್ಡೋ ಚೀಟಿಗಳನ್ನು ಅಚ್ಚು ಹಾಕಿಸಿ, ಕೋಟ್ಯಧೀಶರಿಗೆ ಮಾರಿದ. ಬರ್ಗಂಡಿಯ ಪೋನ್ಸೋ ಮನೆತನದವರು ತಾವು ಆಗ ತಯಾರಿಸಿಯೇ ಇರದ ವೈನು, 1945ರದ್ದೆಂದು ಹರಾಜಿಗೆ ಬಂದದ್ದನ್ನು ಕಂಡು ಹಿಡಿದರು. 2013ರಲ್ಲಿ ಅವನ ಅಪರಾಧ ಸಾಬೀತಾಯಿತು. ಗಮನಿಸಿ, ಅವನನ್ನು ಹಿಡಿದದ್ದು ನಾಲಿಗೆಯಲ್ಲ, ಇಸವಿ. ಕುಡಿದವರಲ್ಲಿ ಎಷ್ಟೋ ಜನ ಆಹಾ ಎಂದಿದ್ದರು.

ಹಾಗಾದರೆ ಎಲ್ಲವೂ ಬೂಟಾಟಿಕೆಯೇ? ನಮ್ಮವರು ಹಾಗೆಂದೇ ತೀರ್ಮಾನ ಮಾಡಿದ್ದಾರೆ. ನಾನು ಹಾಗೆನ್ನಲಾರೆ. 2016ರಲ್ಲಿ ಎರಡನೆಯ ಸಲ ಹೋದಾಗ ಮದಾಮ್ ಹತ್ತನೆಯ ಸೀಸೆ ತೆಗೆದರು. ಒಂಬತ್ತನೆಯದನ್ನು ನೋಡಿದ ನನಗೆ ಏನೂ ಆಸೆಯಿರಲಿಲ್ಲ. ಹಿಂದಿನ ದಿನವೇ ಸೀಸೆ ನಿಲ್ಲಿಸಿ ಮಡ್ಡಿ ಇಳಿಯಲು ಬಿಟ್ಟಿದ್ದರು. ಬಿರಡೆ ಪುಡಿಪುಡಿಯಾಗಿ ಬಂತು. ಸುರಿದ ಕೂಡಲೆ ಅವರು ಮೂಗಿಟ್ಟು, ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿ, "ಬೇಗ, ಬೇಗ" ಎಂದರು. ಎಷ್ಟು ಹಳೆಯದೋ ಅಷ್ಟು ಬೇಗ ಗಾಳಿಗೆ ಸೋಲುತ್ತದೆ. ಆ ವೈನಿನಲ್ಲಿ ಅಡಿಕೆ ಸುಗ್ಗಿಯ ಅಂಗಳವಿತ್ತು, ಒಣದ್ರಾಕ್ಷಿಯಿತ್ತು, ಎಲ್ಲೋ ದೂರದಲ್ಲಿ ಹುಳಿಸಿಹಿ ಕೋಕಂ ಹಣ್ಣಿತ್ತು. ಒಗರು ಇತ್ತು, ಆದರೆ ಹಿಡಿದೆಳೆಯುತ್ತಿರಲಿಲ್ಲ. ಒಂದೇ ಪೆಟ್ಟಿಗೆ, ಒಂದೇ ನೆಲಮಾಳಿಗೆ, ಅಕ್ಕಪಕ್ಕ ಮಲಗಿದ್ದ ಸೀಸೆಗಳು. ಒಂದು ಒಣಗಿಹೋಗಿದೆ, ಇನ್ನೊಂದು ಹೀಗೆ! ಬಿರಡೆಗಳು ಒಂದರಂತೆ ಒಂದು ಇರುವುದಿಲ್ಲವಾದ್ದರಿಂದ ಹೀಗಾಗುತ್ತದೆಂದು ಅವರೆಂದರು. ಹಾಗಾಗಿ ಹಳೆಯ ವೈನಿನ ಬಗ್ಗೆ ತೀರ್ಪು ಕೊಡುವಂತಿಲ್ಲ, ಆ ಒಂದು ಸೀಸೆಯ ಬಗ್ಗೆ ಮಾತ್ರ ಕೊಡಬಹುದು ಎಂಬ ಮಾತು ಆ ಕಸುಬಿನವರಲ್ಲೇ ಇದೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮಂಕಾಯಿತು. ಮದಾಮ್ ಹದಿನಾರೂವರೆ ಕೊಟ್ಟು, ಹಿಂದಿನ ಪುಟಕ್ಕೆ ತಿರುಗಿಸಿ 2011ರ "ಒಣಗಿದೆ" ಎಂಬುದರ ಕೆಳಗೆ "ಈ ಸೀಸೆ ಮಾತ್ರ" ಎಂದು ಸೇರಿಸಿದರು. ನನಗೆ ಆಕೆಯ ಮೇಲೆ ಗೌರವ ಹುಟ್ಟಿದ್ದು ಆ ಮೂರು ಪದಗಳಿಗೆ.

ಈ ನಡುವೆ ಒಂದು ಮಾತನ್ನು ನುಂಗಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಕುಡಿತ ಏನು ಮಾಡಿತೆಂದು ನಾನು ಬಲ್ಲೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಾಗ ನಮ್ಮ ಕೆಲಸದ ಹೆಂಗಸು ಎರಡು ದಿನ ನಕ್ಕದ್ದೂ, ಆಮೇಲೆ ಗಂಡ ಬೇರೆ ಸೀಸೆ ಹಿಡಿದದ್ದೂ ಗೊತ್ತು. ಅದೇ ನಾಡಿನಲ್ಲಿ ನಂದಿಬೆಟ್ಟದ ಬುಡದಲ್ಲಿ ಫ್ರೆಂಚ್ ದ್ರಾಕ್ಷಿ ಬೆಳೆದು ವೈನು ಮಾಡುತ್ತಾರೆ, ಬೋರ್ಡೋದ ಮಿಶೆಲ್ ರೋಲಾಂ ಎಂಬ ಪಂಡಿತ ಅದಕ್ಕೆ ಸಲಹೆ ಕೊಟ್ಟಿದ್ದ ಎಂಬುದೂ ಗೊತ್ತು. ಫ್ರಾನ್ಸಿನವರೇನು ಸಾಧುಗಳಲ್ಲ. 1960ರ ಸುಮಾರಿಗೆ ಅಲ್ಲಿ ವರ್ಷಕ್ಕೆ ತಲೆಗೆ ನೂರು ಲೀಟರಿಗೂ ಹೆಚ್ಚು ವೈನು ಕುಡಿಯುತ್ತಿದ್ದರು. ಈಗ ಅದರ ಅರ್ಧವೂ ಇಲ್ಲ. 2023ರಲ್ಲಿ ಬೋರ್ಡೋ ಸೀಮೆಯಲ್ಲಿ ಸುಮಾರು 9,500 ಹೆಕ್ಟೇರ್ ಬಳ್ಳಿಯನ್ನು ಕಿತ್ತುಹಾಕಲು ಬೆಳೆಗಾರರಿಗೆ ದುಡ್ಡು ಕೊಡುವ ಯೋಜನೆ ಬಂತು. ಶ್ರೀಮಂತರ ನೂರು ಅಂಕದ ಸೀಸೆಗಳಿಗೆ ಅದರ ಬಿಸಿ ತಟ್ಟಲಿಲ್ಲ, ಅಂಕ ಕೊಡಲು ಯಾರೂ ಬಾರದ ಸಣ್ಣ ಬೆಳೆಗಾರರಿಗೆ ತಟ್ಟಿತು. ಅಡಿಕೆ ಬೆಲೆ ಬಿದ್ದ ವರ್ಷಗಳ ನಮ್ಮ ಅಪ್ಪನ ಮುಖ ಕಂಡವಳಿಗೆ ಇದು ಬಿಡಿಸಿ ಹೇಳಬೇಕಾದದ್ದಲ್ಲ.

2022ರ ಅಕ್ಟೋಬರಿನಲ್ಲಿ ಮೂರನೆಯ ಸಲ ಹೋದೆ. ಕೈಕೂಸಾಗಿದ್ದ ಮೊಮ್ಮಗಳಿಗೆ ಹನ್ನೊಂದು ವರ್ಷ. ಹನ್ನೊಂದನೆಯ ಸೀಸೆಯನ್ನು ಮದಾಮ್ 2019ರಲ್ಲಿ ಒಬ್ಬರೇ ತೆಗೆದು ನೋಡಿದ್ದರು, ಹನ್ನೆರಡಂಕ. ಹನ್ನೆರಡನೆಯದನ್ನು ನನಗಾಗಿ ಇಟ್ಟಿದ್ದರು. ಮೆಟ್ಟಿಲು ಇಳಿಯಲು ಅವರಿಗೆ ಆಗುತ್ತಿರಲಿಲ್ಲ, ಮೊಮ್ಮಗಳು ಇಳಿದು ಎರಡೂ ಕೈಯಲ್ಲಿ ಹಿಡಿದು ತಂದಳು. ಬಿರಡೆ ತೆಗೆಯುವಾಗಲೇ ನನಗೆ ವಾಸನೆ ಬಂತು. ಮಳೆಗೆ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ, ಬಿರಡೆ ಕೆಟ್ಟಾಗ ಬರುವಂಥದ್ದು. ನಾನು ಬಾಯಿ ಬಿಡಲಿಲ್ಲ. ಮದಾಮ್ ಮೂಗಿಟ್ಟರು, ಬಾಯಲ್ಲಿಟ್ಟರು, ಜಾಡಿಗೆ ಉಗುಳಿದರು. "ಸತ್ತಿದೆ" ಎಂದರು. ಬೇಸರವಿರಲಿಲ್ಲ ಆ ದನಿಯಲ್ಲಿ. ಆಮೇಲೆ, ಇದು ಒಗರಿನಿಂದ ಸತ್ತದ್ದಲ್ಲ, ಬಿರಡೆಯಿಂದ, ಅದನ್ನು ಸರಿಯಾಗಿ ಬರೆಯಬೇಕು ಎಂದು ಕನ್ನಡಕ ಹುಡುಕಿದರು.

ಕೈ ನಡುಗುತ್ತಿತ್ತು. ನೋಟುಪುಸ್ತಕವನ್ನು ನನ್ನ ಕಡೆ ತಳ್ಳಿ, "ನೀವು ಬರೆಯಿರಿ, ನಿಮ್ಮ ಭಾಷೆಯಲ್ಲೇ" ಎಂದರು. ಅಂಕ ಎಷ್ಟು ಎಂದು ಕೇಳಿದೆ. ಕೆಟ್ಟ ಬಿರಡೆಗೆ ಅಂಕ ಕೊಡುವುದಿಲ್ಲ, ಅದು ವೈನಿಗೆ ಅನ್ಯಾಯ ಎಂದರು. ಹನ್ನೆರಡನೆಯ ಪುಟದಲ್ಲಿ ದಿನಾಂಕ ಹಾಕಿ, "ಬಿರಡೆ ಕೆಟ್ಟಿತ್ತು. ವೈನು ಹೇಗಿತ್ತೋ ಗೊತ್ತಾಗಲಿಲ್ಲ" ಎಂದು ಕನ್ನಡದಲ್ಲಿ ಬರೆದೆ. ಮೊಮ್ಮಗಳು ಅದನ್ನು ಫ್ರೆಂಚಿನಲ್ಲಿ ಓದಿ ಹೇಳಿದಳು. ಮದಾಮ್ ತಲೆಯಾಡಿಸಿ, 2014ರ ಮಿಡಿಯದ್ದು ಇನ್ನೂ ಇದೆಯಾ ಎಂದು ಕೇಳಿದರು.